ಉಬ್ಬಸದ ಪಂಪು ಮತ್ತು ಓಝೋನ್ ಪದರ

“ಪಂಪಿನ ಗ್ಯಾಸು ಓಝೋನ್ ಪದರ ಕೆಡಿಸುತ್ತದಂತೆ, ಬಿಟ್ಟುಬಿಡಲೇ ಸಿಸ್ಟರ್?” ಎಂದು ಉಬ್ಬಸದ ರೋಗಿಗಳು ಕೇಳುವುದುಂಟು.

ಖಂಡಿತ ಬಿಡಬೇಡಿ. ಓಝೋನ್ ಪದರವು ಸೂರ್ಯನ ನೇರಳಾತೀತ ಕಿರಣಗಳನ್ನು ತಡೆಯುತ್ತದೆ. ಅದು ತೆಳುವಾದರೆ ಚರ್ಮದ ಕ್ಯಾನ್ಸರ್, ಕಣ್ಣಿನ ಪೊರೆ ಹೆಚ್ಚುತ್ತವೆ. ಹಿಂದೆ ಪಂಪಿನಲ್ಲಿ ಔಷಧ ಚಿಮ್ಮಿಸಲು ಸಿಎಫ್‌ಸಿ ಅನಿಲವಿತ್ತು. ಅದರಲ್ಲಿನ ಕ್ಲೋರಿನ್ ಓಝೋನನ್ನು ಒಡೆಯುತ್ತದೆ. 1987ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 1992ರಲ್ಲಿ ಸೇರಿತು. ಈಗಿನ ಪಂಪಿನ ಎಚ್‌ಎಫ್‌ಎ ಅನಿಲದಲ್ಲಿ ಕ್ಲೋರಿನ್ ಇಲ್ಲ. ಪುಡಿ ಔಷಧದ ರೋಟಾಹೇಲರ್‌ಗಂತೂ ಅನಿಲವೇ ಬೇಡ.

ನಾವು ನಿಲ್ಲಿಸಬೇಕಾದದ್ದು ಬೇರೆ. ಹಳೆಯ ಫ್ರಿಜ್, ಎಸಿ ರಿಪೇರಿ ಮಾಡಿಸುವಾಗ ಅಥವಾ ಗುಜರಿಗೆ ಹಾಕುವಾಗ ಗ್ಯಾಸನ್ನು ಗಾಳಿಗೆ ಬಿಡಿಸಬೇಡಿ. ಅದನ್ನು ಸಿಲಿಂಡರಿಗೆ ತುಂಬಿಕೊಳ್ಳುವಂತೆ ಮೆಕ್ಯಾನಿಕ್‌ಗೆ ಹೇಳಿ. ಪಂಪನ್ನು ಮಾತ್ರ ವೈದ್ಯರು ಹೇಳಿದಂತೆ ತಪ್ಪದೇ ಎಳೆದುಕೊಳ್ಳಿ.