ತಾಲ್ಲೂಕಿನಿಂದ ಕಾಣುವ ಕುಲಪತಿ

ಸಾರ್ವಜನಿಕ ವಿಶ್ವವಿದ್ಯಾಲಯವೊಂದರ ನಾಯಕತ್ವ ಎಷ್ಟು ಸಮರ್ಥವಾಗಿದೆ ಎಂಬ ಅಭಿಪ್ರಾಯವು ಅದರ ಕೇಂದ್ರಸ್ಥಾನದಲ್ಲಿ ಒಂದು ಬಗೆಯಾಗಿಯೂ ಸಂಯೋಜಿತ ಕಾಲೇಜುಗಳಲ್ಲಿ, ಅಂದರೆ ಪಠ್ಯಕ್ರಮ, ಪರೀಕ್ಷೆ ಮತ್ತು ಪದವಿಗಳಿಗಾಗಿ ಮಾತ್ರ ಅದಕ್ಕೆ ಒಳಪಟ್ಟ ಕಾಲೇಜುಗಳಲ್ಲಿ, ಇನ್ನೊಂದು ಬಗೆಯಾಗಿಯೂ ರೂಪುಗೊಳ್ಳುತ್ತದೆ ಎಂಬುದು ತುಮಕೂರು ಜಿಲ್ಲೆಯಲ್ಲಿ ಬಹುಕಾಲ ಪಾಠ ಹೇಳಿದವರಿಗೆ ಅನುಭವದಿಂದ ಮನದಟ್ಟಾದ ವಿಷಯ. 2004ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಿಂದ ಬೇರ್ಪಟ್ಟು ತುಮಕೂರು ವಿಶ್ವವಿದ್ಯಾಲಯ ಸ್ಥಾಪನೆಯಾದಾಗ, ಇನ್ನು ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದವರೆಗೆ ಅಲೆಯಬೇಕಾಗಿಲ್ಲ, ಆಡಳಿತ ಕೈಗೆಟುಕುವಷ್ಟು ಹತ್ತಿರ ಬಂದಿತು ಎಂಬ ಭರವಸೆ ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಮೂಡಿದ್ದು ಸಹಜ; ಆ ಭರವಸೆಯೇ ಮುಂದೆ ಬಂದ ಕುಲಪತಿಗಳನ್ನೆಲ್ಲ ಅಳೆಯುವ ಮಾನದಂಡವೂ ಆಯಿತು.

ನಗರದ ಪ್ರಾಧ್ಯಾಪಕರು ಸಂಶೋಧನಾ ಅನುದಾನ, ಬಡ್ತಿ, ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಶ್ರೇಣಿ, ಬಿದರಕಟ್ಟೆಯ ಹೊಸ ಆವರಣ ಇವುಗಳನ್ನು ಮುಂದಿಟ್ಟುಕೊಂಡು ಕುಲಪತಿಯನ್ನು ತೂಗಿ ನೋಡಿದರೆ, ತಾಲ್ಲೂಕಿನ ವಿದ್ಯಾರ್ಥಿಗೆ ವಿಶ್ವವಿದ್ಯಾಲಯವೆಂದರೆ ಅಂಕಪಟ್ಟಿ. ಬರೆದ ಪರೀಕ್ಷೆಗೆ ಫಲಿತಾಂಶದಲ್ಲಿ ಗೈರುಹಾಜರಿ ಎಂದು ನಮೂದಾಗುವುದು ರಾಜ್ಯದ ಯಾವ ವಿಶ್ವವಿದ್ಯಾಲಯದಲ್ಲಾದರೂ ಸಂಭವಿಸಬಹುದಾದ ಲೋಪ. ಆದರೆ ಹಾಗಾದಾಗ ಕುಣಿಗಲ್ಲಿನ ವಿದ್ಯಾರ್ಥಿನಿ ಪ್ರಾಂಶುಪಾಲರ ಪತ್ರ, ಹಾಲ್ ಟಿಕೆಟ್ಟಿನ ನಕಲು, ಪರೀಕ್ಷಾ ಕೊಠಡಿಯಲ್ಲಿ ಸಹಿ ಹಾಕಿದ ಹಾಳೆಯ ಜೆರಾಕ್ಸ್ ಎಲ್ಲವನ್ನೂ ಹಿಡಿದು, ತುಮಕೂರಿಗೆ ನೇರ ರೈಲಿಲ್ಲದ ಕಾರಣ ಬಸ್ಸು ಹತ್ತಿ, ಸುಮಾರು 35 ಕಿಲೋಮೀಟರ್ ಪಯಣಿಸಿ ಕೌಂಟರಿನ ಮುಂದೆ ನಿಲ್ಲಬೇಕಾಗುತ್ತದೆ. 'ಸಾಹೇಬ್ರು ಮೀಟಿಂಗಲ್ಲಿದಾರೆ, ನಾಳೆ ಬಾಮ್ಮ' ಎಂಬ ಉತ್ತರ ದೊರೆತರೆ, ತಾನು ಎಂದೂ ಮುಖ ನೋಡದ ಕುಲಪತಿಯ ಬಗೆಗೆ ಅವಳ ತೀರ್ಮಾನ ಅಲ್ಲಿಯೇ ಗಟ್ಟಿಯಾಗುತ್ತದೆ.

ಈ ತೀರ್ಮಾನ ಎಲ್ಲ ಸಂದರ್ಭಗಳಲ್ಲಿಯೂ ನ್ಯಾಯವಾದುದಲ್ಲ. ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000ರ ಪ್ರಕಾರ ಕುಲಾಧಿಪತಿಗಳಾದ ರಾಜ್ಯಪಾಲರು ಶೋಧನಾ ಸಮಿತಿಯ ಪಟ್ಟಿಯಿಂದ, ಸರ್ಕಾರದ ಸಹಮತಿ ಪಡೆದು, ಕುಲಪತಿಯನ್ನು ನಾಲ್ಕು ವರ್ಷಗಳ ಅವಧಿಗೆ ನೇಮಿಸುತ್ತಾರೆ. ಆಡಳಿತ ನೋಡುವ ಕುಲಸಚಿವರನ್ನೂ ಪರೀಕ್ಷೆ ನಡೆಸುವ ಮೌಲ್ಯಮಾಪನ ಕುಲಸಚಿವರನ್ನೂ ನೇಮಿಸುವುದು ಸರ್ಕಾರವೇ. ಗುಬ್ಬಿಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಂಥ ಕಡೆ ಅತಿಥಿ ಉಪನ್ಯಾಸಕರನ್ನು, ಎಂದರೆ ಗೌರವಧನದ ಮೇಲೆ ತಾತ್ಕಾಲಿಕವಾಗಿ ಪಾಠ ಮಾಡುವವರನ್ನು, ನಿಯೋಜಿಸುವುದು ಕಾಲೇಜು ಶಿಕ್ಷಣ ಇಲಾಖೆಯ ಕೆಲಸವಾದರೂ, ಪಾಠ ತಡವಾಗಿ ಆರಂಭವಾದರೆ ಪೋಷಕರು ದೂರುವುದು ವಿಶ್ವವಿದ್ಯಾಲಯವನ್ನೇ. ಇಷ್ಟಾದರೂ ಪದವಿ ಪ್ರಮಾಣಪತ್ರದ ಮೇಲೆ ಯಾರ ಸಹಿ ಇದೆಯೋ ಅವರೇ ಉತ್ತರ ಹೇಳಬೇಕೆಂಬ ಪೋಷಕರ, ವಿದ್ಯಾರ್ಥಿಗಳ ಅಪೇಕ್ಷೆಯನ್ನು ತಿಳಿವಳಿಕೆಯ ಕೊರತೆ ಎಂದು ತಳ್ಳಿಹಾಕುವುದು ದೊಡ್ಡ ತಪ್ಪು.

ತಾಲ್ಲೂಕಿನ ಕಾಲೇಜುಗಳಲ್ಲಿ ವಿಶ್ವವಿದ್ಯಾಲಯದ ನಾಯಕತ್ವದ ಬಗೆಗೆ ಒಳ್ಳೆಯ ಮಾತು ಹುಟ್ಟಿಸಿದವರು ಹೆಚ್ಚಾಗಿ ಪ್ರಾಂಶುಪಾಲರು: ಒಬ್ಬೊಬ್ಬ ವಿದ್ಯಾರ್ಥಿಯನ್ನೂ ತುಮಕೂರಿಗೆ ಓಡಿಸದೆ, ಅರ್ಜಿಗಳನ್ನೆಲ್ಲ ಒಟ್ಟುಗೂಡಿಸಿ, ದಾಖಲೆಗಳನ್ನು ತಾವೇ ಪರಿಶೀಲಿಸಿ, ಗುಮಾಸ್ತರೊಬ್ಬರ ಕೈಯಲ್ಲಿ ಕಳುಹಿಸಿ, ಸ್ವೀಕೃತಿ ಸಂಖ್ಯೆಯನ್ನು ಸೂಚನಾಫಲಕದಲ್ಲಿ ಹಾಕಿಸಿದವರು. ಪರೀಕ್ಷಾ ವಿಭಾಗದ ಅಧಿಕಾರಿಗಳು ಸೆಮಿಸ್ಟರಿಗೊಮ್ಮೆ ತಾಲ್ಲೂಕು ಕೇಂದ್ರಕ್ಕೇ ಬಂದು ಅಂಥ ಅರ್ಜಿಗಳನ್ನು ಸ್ಥಳದಲ್ಲಿಯೇ ಇತ್ಯರ್ಥಪಡಿಸುವ ಪದ್ಧತಿಯನ್ನು ಜಾರಿಗೊಳಿಸಲು ಹೊಸ ಅನುದಾನವಾಗಲಿ ಕಾಯಿದೆಯ ತಿದ್ದುಪಡಿಯಾಗಲಿ ಬೇಕಿಲ್ಲ. ಕುಲಪತಿಯ ಒಂದು ಸುತ್ತೋಲೆ ಸಾಕು.