ಮಾತಾಳಿಯ ಹೆಸರುಗಳು

ಕೋಲಾರ ಸೀಮೆಯಲ್ಲಿ ನೀರಿಗೆ ಬರ ಬಂದುದುಂಟು, ಮಾತಿಗೆ ಬಂದುದಿಲ್ಲ. ಮುಳಬಾಗಿಲು, ಶ್ರೀನಿವಾಸಪುರಗಳ ಆಚೆಗೆ ಆಂಧ್ರಪ್ರದೇಶ. ಮಾಲೂರಿನ ಗಡಿ ದಾಟಿದರೆ ತಮಿಳುನಾಡು. ಸಂತೆಯಲ್ಲಿ ತೆಲುಗಿನಲ್ಲಿ ಆರಂಭವಾದ ವ್ಯವಹಾರ ಕನ್ನಡದಲ್ಲಿ ಮುಗಿಯುವುದು ಇಲ್ಲಿ ಸಾಮಾನ್ಯ. ಮಾಲೂರು ತಾಲ್ಲೂಕಿನಲ್ಲಿ ಜನಿಸಿದ ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆಮಾತು ತಮಿಳು. ಅವರು ಕಥೆ ಹೇಳಿದುದು ಕನ್ನಡದಲ್ಲಿ. ಇಂತಹ ನಾಡಿನಲ್ಲಿ ಹೆಚ್ಚು ಮಾತನಾಡುವವರಿಗೆ ಹೆಸರುಗಳೂ ಹೆಚ್ಚು.

ಈ ಹೆಸರುಗಳಿಗೆ ಇಂಗ್ಲಿಷಿನಲ್ಲಿ ಅರ್ಥ ಹೇಳಹೊರಟಾಗ ತೊಡಕು ಎದುರಾಗುತ್ತದೆ. ಫರ್ಡಿನೆಂಡ್ ಕಿಟ್ಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಅಂತಹ ಮಹಾನಿಘಂಟು ಕೈಯಲ್ಲಿದ್ದರೂ ಮಾತುಗಾರ, ಮಾತಾಳಿ, ವಾಚಾಳಿ, ಬಾಯಿಬಡುಕ ಎಂಬ ನಾಲ್ಕು ಪದಗಳಿಗೂ ‘ಟಾಕೆಟಿವ್’ ಎಂದು ಬರೆದು ಸುಮ್ಮನಾಗುವ ವಿದ್ಯಾರ್ಥಿಗಳುಂಟು. ಉತ್ತರ ಪೂರ್ತಿ ತಪ್ಪಲ್ಲ; ಆದರೆ ಮಾತಿನ ಪ್ರಮಾಣವಷ್ಟೇ ಅದರಲ್ಲಿ ಉಳಿದು, ಕೇಳುವವನ ಮನಸ್ಸು ಬಿಟ್ಟುಹೋಗಿದೆ. ‘ಗಾರ’ ಎಂಬ ಪ್ರತ್ಯಯ ಹಾಡುಗಾರ, ಓಟಗಾರ ಎಂಬಲ್ಲಿರುವಂತೆ ನೈಪುಣ್ಯವನ್ನು ಸೂಚಿಸುತ್ತದೆ. ಆದುದರಿಂದ ಮಾತುಗಾರನಿಗೆ ಮನ್ನಣೆಯಿದೆ. ಅರಳು ಹುರಿದಂತೆ ಮಾತನಾಡುವವನಿಗೂ ಅಷ್ಟೇ. ಕಾದ ಮರಳಿನಲ್ಲಿ ಭತ್ತ ಪಟಪಟನೆ ಅರಳುವುದನ್ನು ಕಂಡವರಿಗೆ ಈ ಹೋಲಿಕೆಯ ಸೊಗಸು ತಿಳಿದೀತು. ಬಾಯಿಬಡುಕನ ಮಾತೂ ವೇಗದ್ದೇ, ಆದರೆ ಅವನು ಬರುವುದನ್ನು ಕಂಡು ಜನರು ದಾರಿ ಬದಲಿಸುತ್ತಾರೆ.

ಸಂಸ್ಕೃತದ ‘ವಾಕ್’ ಶಬ್ದದಿಂದ ವಾಗ್ಮಿ, ವಾಚಾಲ ಎರಡೂ ಹುಟ್ಟಿವೆ. ಚೆನ್ನಾಗಿ ಮಾತನಾಡುವವನು ವಾಗ್ಮಿ. ಬಹಳವಾಗಿ, ಅದೂ ಹೀನವಾಗಿ ಮಾತನಾಡುವವನು ವಾಚಾಲ ಎಂದು ಸಂಸ್ಕೃತ ವ್ಯಾಕರಣಕಾರರು ಬೇರ್ಪಡಿಸಿದರು. ಕನ್ನಡದ ವಾಚಾಳಿ ಬಂದುದು ಈ ಎರಡನೆಯದರಿಂದ. ಇಂಗ್ಲಿಷಿನ ಕಥೆಯೂ ಇದೇ: ಹೊಗಳಿಕೆಯ ‘ಎಲೊಕ್ವೆಂಟ್’, ತೆಗಳಿಕೆಯ ‘ಲೊಕ್ವೇಷಸ್’ ಎರಡಕ್ಕೂ ‘ಮಾತನಾಡು’ ಎಂಬರ್ಥದ ಒಂದೇ ಲ್ಯಾಟಿನ್ ಧಾತು ಮೂಲ. ಹರಟೆಯ ಅದೃಷ್ಟ ಬೇರೆ. ಹೊತ್ತು ಕಳೆಯುವ ಬರಿಮಾತಾಗಿದ್ದ ಅದು ಕನ್ನಡದಲ್ಲಿ ಲಲಿತಪ್ರಬಂಧದ ಒಂದು ಬಗೆಗೆ ಹೆಸರಾಗಿ ಮರ್ಯಾದೆ ಪಡೆಯಿತು.

‘ಬಾಯಾಳಿ’ ಎಂಬ ಪದಕ್ಕೆ ಅಂತಹ ಅದೃಷ್ಟ ಒದಗಲಿಲ್ಲ. ಅದು ಬಹುಮಟ್ಟಿಗೆ ಹೆಣ್ಣುಮಕ್ಕಳ ಪಾಲಿಗೇ ಬಂದಿದೆ. ಮಾಲೂರಿನ ಗಡಿಯಾಚೆಯ ತಮಿಳಿನಲ್ಲಿ ‘ವಾಯಾಡಿ’ಯೂ ಹಾಗೆಯೇ. ‘ಇದು ಏಕೆ ಹೀಗೆ?’ ಎಂದು ಎರಡು ಬಾರಿ ಕೇಳಿದ ಹುಡುಗ ಚುರುಕಿನವನೆನಿಸುತ್ತಾನೆ. ಅದನ್ನೇ ಕೇಳಿದ ಹುಡುಗಿ ಬಾಯಾಳಿಯೆನಿಸುತ್ತಾಳೆ. ನಿಘಂಟು ಎಷ್ಟೇ ದೊಡ್ಡದಿರಲಿ, ಈ ವ್ಯತ್ಯಾಸ ಅದರ ಅರ್ಥದ ಸಾಲಿನಲ್ಲಿ ಸಿಗದು. ಹೀಗೆ ಕರೆಸಿಕೊಂಡವಳು ಮೂರನೆಯ ಬಾರಿ ಕೇಳುವುದಿಲ್ಲ.

ಮಗುವಿಗೆ ಮಾತು ಬೇಗ ಬರಲೆಂದು ಬಜೆಯನ್ನು ತೇಯ್ದು ನಾಲಗೆಗೆ ಸವರುವ ರೂಢಿ ಈ ಕಡೆಯ ಮನೆಗಳಲ್ಲಿದೆ. ಬಜೆಗೆ ತೆಲುಗಿನಲ್ಲಿ ‘ವಸ’ ಎಂದು ಹೆಸರು. ‘ಪಿಟ್ಟ’ ಎಂದರೆ ಪುಟ್ಟ ಹಕ್ಕಿ. ಎಡೆಬಿಡದೆ ಮಾತನಾಡುವ ಮಗುವನ್ನು ತೆಲುಗರು ‘ವಸಪಿಟ್ಟ’ ಎನ್ನುತ್ತಾರೆ, ಬಜೆ ತಿಂದ ಹಕ್ಕಿ ಎಂಬ ಭಾವದಲ್ಲಿ. ಇಂಗ್ಲಿಷಿನ ‘ಚಾಟರ್‌ಬಾಕ್ಸ್’ ಇದಕ್ಕೆ ಹತ್ತಿರದ ಪದ. ಮಕ್ಕಳನ್ನು ಮುದ್ದಿನಿಂದ ಗದರುವಾಗ ಎರಡೂ ಬಳಕೆಯಾಗುತ್ತವೆ.