ಹಾರದಿರುವ ದಿನಕ್ಕೂ ದುಡ್ಡು

"ನಿಮ್ಮ ಹತ್ತಿರ ಲೈಸೆನ್ಸ್ ಇದೆಯಲ್ಲ ಮಾರಾಯ್ರೇ, ಒಂದು ಸಣ್ಣ ವಿಮಾನ ಬಾಡಿಗೆಗೆ ಹಿಡಿದು ಕೆರಿಬಿಯನ್ ದ್ವೀಪಗಳನ್ನೆಲ್ಲ ಸುತ್ತಿಕೊಂಡು ಬಂದರೆ ಎಷ್ಟಾದೀತು?" ಸಿಯಾಟಲ್ ಸುತ್ತಮುತ್ತಲಿನ ಕನ್ನಡಿಗರ ಮನೆಗಳಲ್ಲಿ ಊಟಕ್ಕೆ ಕೂತಾಗ ಯಾರಾದರೊಬ್ಬರು ನನ್ನನ್ನು ಹೀಗೆ ಕೇಳುತ್ತಾರೆ. ಕೇಳುವವರಿಗೆ ತಮಾಷೆ, ನನಗೆ ಲೆಕ್ಕ. ಸಿಯಾಟಲ್‌ನಿಂದ ಮಯಾಮಿಗೆ ನೇರ ಗೆರೆ ಎಳೆದರೂ ಸುಮಾರು 4,400 ಕಿಲೋಮೀಟರ್. ನನ್ನಂಥವರು ಹಾರಿಸುವ ಸೆಸ್ನಾ 172 ಗಂಟೆಗೆ ಹೆಚ್ಚೆಂದರೆ 200 ಕಿಲೋಮೀಟರ್ ಚಿಲ್ಲರೆ ಓಡುತ್ತದೆ. ಬೆಟ್ಟ ಬಳಸಿ, ಇಂಧನಕ್ಕೆ ಇಳಿದು ಹತ್ತಿ ಹೋಗುವುದನ್ನು ಬಿಟ್ಟರೂ ಹೋಗಿಬರಲು 44 ಗಂಟೆ. ಗಂಟೆಗೆ 200 ಡಾಲರ್ ಬಾಡಿಗೆ ಎಂದಿಟ್ಟುಕೊಂಡರೆ ಮೊದಲ ದ್ವೀಪ ಕಣ್ಣಿಗೆ ಬೀಳುವ ಮೊದಲೇ ವಿಮಾನದ ಹೆಸರಿಗೆ 8,800 ಡಾಲರ್ ಬರೆದಿಟ್ಟಾಯಿತು.

ಕೆರಿಬಿಯನ್ನೇ ಬೇಕು ಅನ್ನುವವರಿಗೆ ನನ್ನ ಸಲಹೆ ಬೇರೆ. ದೊಡ್ಡ ವಿಮಾನದಲ್ಲಿ ಪೋರ್ಟೊ ರಿಕೊಗೆ ಹೋಗಿ, ಅಲ್ಲಿಂದ ವಿಯೇಕೆಸ್, ಕುಲೆಬ್ರಾ ದ್ವೀಪಗಳಿಗೆ ಹೋಗುವ ಸಣ್ಣ ವಿಮಾನದಲ್ಲಿ ಒಂದು ಸೀಟು ಕೊಳ್ಳಿ. ಅದು ಅಮೆರಿಕದ್ದೇ ನೆಲ, ಹಾಗಾಗಿ ಪಾಸ್‌ಪೋರ್ಟಿನಲ್ಲಿ ಎಚ್-1ಬಿ ವೀಸಾ ಮುದ್ರೆಯ ಅವಧಿ ಮುಗಿದಿದ್ದರೂ ವಾಪಸ್ ಬರುವ ಚಿಂತೆ ಇಲ್ಲ. ಬಹಾಮಾಸ್‌ಗೋ ಬಾರ್ಬಡೋಸ್‌ಗೋ ಹೋಗಿ ಸಿಕ್ಕಿಹಾಕಿಕೊಂಡರೆ ಟಿಕೆಟ್ಟಿಗಿಂತ ವಕೀಲರಿಗೇ ಹೆಚ್ಚು ತೆರಬೇಕಾದೀತು.

ತಾವೇ ವಿಮಾನ ಹಾರಿಸಿಕೊಂಡು ದ್ವೀಪ ಸುತ್ತುವ ಆಸೆ ನಿಜವಾಗಿಯೂ ಇದ್ದವರಿಗೆ ಸಿಯಾಟಲ್‌ನ ಹಿತ್ತಿಲಲ್ಲೇ ಸ್ಯಾನ್ ವಾನ್ ದ್ವೀಪಗಳಿವೆ. ಫ್ರೈಡೇ ಹಾರ್ಬರ್, ಓರ್ಕಸ್, ಲೋಪೆಜ್ ಮೂರರಲ್ಲೂ ಸಣ್ಣ ವಿಮಾನಗಳಿಗೆ ರನ್‌ವೇ ಇದೆ. ಕಾರಿನಲ್ಲಿ ಅನಾಕೊರ್ಟಿಸ್‌ವರೆಗೆ ಹೋಗಿ, ಸಾಲಿನಲ್ಲಿ ನಿಂತು, ಫೆರಿ ಹತ್ತಿ ಇಳಿಯುವಷ್ಟರಲ್ಲಿ ಅರ್ಧ ದಿನ ಕಳೆದಿರುತ್ತದೆ. ಸಿಯಾಟಲ್ ಪಕ್ಕದ ರೆಂಟನ್‌ನಿಂದ ವಿಮಾನದಲ್ಲಿ ಮುಕ್ಕಾಲು ಗಂಟೆ, ಗಾಳಿ ಎದುರಾದರೆ ಇನ್ನೊಂದಿಷ್ಟು. ಓರ್ಕಸ್‌ನಲ್ಲಿ ಇಳಿದು ವಿಮಾನಕ್ಕೆ ಹಗ್ಗ ಕಟ್ಟಿ ನಡೆದುಕೊಂಡೇ ಈಸ್ಟ್‌ಸೌಂಡ್ ಪೇಟೆಗೆ ಹೋಗಿ ಕಾಫಿ ಕುಡಿಯಬಹುದು. ಆ ಕಾಫಿ ಎಷ್ಟಕ್ಕೆ ಬಿತ್ತು ಅನ್ನುವುದೇ ಈ ಅಂಕಣದ ವಿಷಯ.

ಕಾಕ್‌ಪಿಟ್‌ನಲ್ಲಿ ಹಾಬ್ಸ್ ಎಂಬ ಪುಟ್ಟ ಮೀಟರ್ ಇರುತ್ತದೆ. ಆಟೋ ಮೀಟರಿನ ಹಾಗೆ, ನಿಂತಿದ್ದರೂ ಓಡುತ್ತದೆ. ಎಂಜಿನ್ ಚಾಲೂ ಇದ್ದರೆ ಸಾಕು. ಅದರ ಕೊನೆಯ ಅಂಕಿ ಗಂಟೆಯ ಹತ್ತನೇ ಒಂದು ಭಾಗ, ಅಂದರೆ ಆರು ನಿಮಿಷ, ಅಂದರೆ 20 ಡಾಲರ್. ರೆಂಟನ್‌ನಲ್ಲಿ ರನ್‌ವೇ ಪಕ್ಕಕ್ಕೇ ಬೋಯಿಂಗ್ ಕಾರ್ಖಾನೆ. ಹೊಸ 737ಗಳು ಮೊದಲ ಬಾರಿಗೆ ಮೇಲೇರುವುದು ಇಲ್ಲಿಂದಲೇ. ಅಂಥದೊಂದು ಮುಂದೆ ಹೋದರೆ ಅದು ಎಬ್ಬಿಸಿದ ಗಾಳಿಯ ಸುಳಿ ಅಡಗುವವರೆಗೆ ನಾವು ಕಾಯಬೇಕು. ಒಮ್ಮೆ ಹಾಗೆ ಕಾಯುತ್ತ, ಕೂತಲ್ಲೇ ಮೀಟರಿನ ಬಿಳಿ ಅಂಕಿ ನಿಧಾನಕ್ಕೆ ಹೊರಳುವುದನ್ನು ನೋಡುತ್ತಿದ್ದೆ. ಪಕ್ಕದ ಸೀಟಿನಲ್ಲಿದ್ದ ಮಾವನವರು ಡಾಲರನ್ನು ರೂಪಾಯಿಗೆ ಗುಣಿಸಿ, "ಅಳಿಯಂದಿರೇ, ಇನ್ನೂ ನೆಲ ಬಿಟ್ಟಿಲ್ಲ, ಆಗಲೇ ಒಂದು ಮೂಟೆ ಸೋನಾ ಮಸೂರಿ ಹೋಯ್ತಲ್ರೀ" ಅಂದರು. ಅವರು ಶಿವಮೊಗ್ಗದಲ್ಲಿ ಅಡಿಕೆ ವ್ಯಾಪಾರ ಮಾಡಿದವರು. ಇಂಥ ಲೆಕ್ಕ ತಪ್ಪುವವರಲ್ಲ.

ಬಾಡಿಗೆಯಲ್ಲಿ ಇನ್ನೊಂದು ಸಂಗತಿ ಹೊಸಬರಿಗೆ ಗೊತ್ತಿರುವುದಿಲ್ಲ. ರಾತ್ರಿ ಉಳಿಯುವಂತೆ ವಿಮಾನ ಒಯ್ದರೆ ಬಾಡಿಗೆಗೆ ಕೊಡುವ ಬಹಳಷ್ಟು ಫ್ಲೈಯಿಂಗ್ ಕ್ಲಬ್ಬುಗಳು ದಿನಕ್ಕೆ ಕನಿಷ್ಠ ಇಷ್ಟು ಗಂಟೆ ಎಂದು ಹಿಡಿಯುತ್ತವೆ. ಹಾರಿದ್ದು ಎರಡು ಗಂಟೆಗಿಂತ ಕಡಿಮೆ ಇದ್ದರೂ ಶನಿವಾರ-ಭಾನುವಾರಕ್ಕೆ ಐದಾರು ಗಂಟೆಯ ಬಿಲ್ಲು ಬರಬಹುದು. ಬೆಳಿಗ್ಗೆ ಹೋಗಿ ಸಂಜೆಗೆ ಬಂದರೆ 400 ಡಾಲರಿನೊಳಗೆ ಮುಗಿಯುವುದು, ಒಂದು ರಾತ್ರಿ ಉಳಿದರೆ ಸಾವಿರ ದಾಟುತ್ತದೆ, ಹೋಟೆಲ್ ಬೇರೆ.

ಹಾಗಾದರೆ ಸ್ವಂತ ವಿಮಾನವೇ ಕೊಳ್ಳಬಾರದೇ ಎಂಬ ಯೋಚನೆ ಪ್ರತಿಯೊಬ್ಬ ಪೈಲಟ್‌ಗೂ ಬರುತ್ತದೆ. ಹ್ಯಾಂಗರ್ ಬಾಡಿಗೆ, ವಿಮೆ, ವರ್ಷಕ್ಕೊಮ್ಮೆ ಕಡ್ಡಾಯ ತಪಾಸಣೆ ಎಲ್ಲ ಸೇರಿ ವರ್ಷಕ್ಕೆ 12,000 ಡಾಲರ್ ಅಂದುಕೊಳ್ಳೋಣ. ಇದು ಹಾರಿದರೂ ಹಾರದಿದ್ದರೂ ತೆರಬೇಕಾದ್ದು. ಹಾರಿದರೆ ಗಂಟೆಗೆ ಒಂಬತ್ತು ಗ್ಯಾಲನ್ ಇಂಧನ, ಗ್ಯಾಲನ್ನಿಗೆ 7 ಡಾಲರ್ ಹಿಡಿದರೆ 63. ವಿಮಾನದ ಲೈಕಮಿಂಗ್ ಎಂಜಿನ್‌ಗೆ ತಯಾರಕರು ಹೇಳುವ ಆಯುಸ್ಸು 2,000 ಗಂಟೆ. ಆಮೇಲೆ ಬಿಚ್ಚಿ ಹೊಸದಾಗಿ ಕಟ್ಟಿಸಲು 40,000 ಬೇಕಾದರೆ ಗಂಟೆಗೆ 20 ಡಾಲರ್ ಈಗಿನಿಂದಲೇ ತೆಗೆದಿಡಬೇಕು. ಆಯಿಲ್ಲು, ಟೈರು, ಸಣ್ಣಪುಟ್ಟ ರಿಪೇರಿ ಸೇರಿ ಒಟ್ಟು ಗಂಟೆಗೆ 100. ವರ್ಷಕ್ಕೆ 30 ಗಂಟೆ ಹಾರುವ ನನ್ನಂಥ ಸಂಬಳದ ಮನುಷ್ಯನಿಗೆ ಆಗ ಗಂಟೆಗೆ ಬೀಳುವುದು 500 ಡಾಲರ್. ಬಾಡಿಗೆಗೆ ಸರಿಸಮ ಆಗಬೇಕಾದರೆ ವರ್ಷಕ್ಕೆ 120 ಗಂಟೆ ಹಾರಬೇಕು. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಮೋಡ ತಲೆಯ ಮೇಲೇ ಕೂತಿರುವ ಈ ಊರಿನಲ್ಲಿ ಅದು ಆಗದ ಮಾತು. ನಾಲ್ವರು ಸೇರಿ ಒಂದು ವಿಮಾನ ಇಟ್ಟುಕೊಂಡರೆ ಲೆಕ್ಕ ತಟ್ಟನೆ ಬದಲಾಗುತ್ತದೆ: ತಲೆಗೆ 3,000, ತಲಾ 30 ಗಂಟೆ ಹಾರಿದರೂ ಗಂಟೆಗೆ 200. ಬಾಡಿಗೆಯಷ್ಟೇ ಆಯಿತು, ಕನಿಷ್ಠ ಗಂಟೆಯ ಕಾಟವೂ ಇಲ್ಲ. ನಾನಿರುವುದು ಇಂಥ ಪಾಲುದಾರಿಕೆಯಲ್ಲೇ. ಆದರೆ ಒಂದು ಮಾತು: ಅಮೆರಿಕದಲ್ಲಿ ವಿಮಾನವನ್ನು ತಮ್ಮ ಹೆಸರಿಗೆ ನೋಂದಾಯಿಸಿಕೊಳ್ಳಲು ಪೌರತ್ವವೋ ಗ್ರೀನ್ ಕಾರ್ಡೋ ಬೇಕು. ಎಚ್-1ಬಿಯಲ್ಲಿ ಇರುವವರು ಹಾರುವುದನ್ನು ಕಲಿಯಬಹುದು, ಅದಕ್ಕೆ ಮೊದಲು ಸಾರಿಗೆ ಭದ್ರತೆ ನೋಡಿಕೊಳ್ಳುವ ಟಿಎಸ್‌ಎ ಅನುಮತಿ ಪಡೆಯಬೇಕು. ವಿಮಾನಕ್ಕೆ ಮಾತ್ರ ಕ್ಲಬ್ಬನ್ನೇ ನೆಚ್ಚಿಕೊಳ್ಳಬೇಕು.

ಇನ್ನು ಜೊತೆಗೆ ಬರುವವರ ಲೆಕ್ಕ. "ಎಲ್ಲ ಖರ್ಚು ನಮ್ಮದೇ, ನೀವು ಹಾರಿಸಿ ಸಾಕು" ಎಂದು ಗೆಳೆಯರು ಪ್ರೀತಿಯಿಂದ ಹೇಳುತ್ತಾರೆ. ಕಾನೂನು ಒಪ್ಪುವುದಿಲ್ಲ. ಖಾಸಗಿ ಪೈಲಟ್ ತನ್ನ ಪಾಲನ್ನು ತಾನೇ ಕೊಡಬೇಕು. ನಾಲ್ವರಿದ್ದರೆ ಕಾಲು ಭಾಗಕ್ಕಿಂತ ಕಡಿಮೆ ಕೊಡುವಂತಿಲ್ಲ. ಹಂಚಿಕೊಳ್ಳಬಹುದಾದ್ದು ಇಂಧನ, ಆಯಿಲ್, ವಿಮಾನ ನಿಲ್ದಾಣದ ಶುಲ್ಕ, ಬಾಡಿಗೆ ಇಷ್ಟೇ. ನಾಲ್ಕು ಸೀಟಿದ್ದ ಮಾತ್ರಕ್ಕೆ ನಾಲ್ಕು ಜನ ಹಿಡಿಸುತ್ತಾರೆ ಎಂದೂ ಅಲ್ಲ. ಇಂಧನ ಗ್ಯಾಲನ್ನಿಗೆ 6 ಪೌಂಡ್ ತೂಗುತ್ತದೆ. ಟ್ಯಾಂಕ್ ತುಂಬಿಸಿದರೆ ಜನ ಕಡಿಮೆ, ಜನ ತುಂಬಿಸಿದರೆ ಇಂಧನ ಕಡಿಮೆ. ಹೊರಡುವ ಮುನ್ನ ಪ್ರತಿಯೊಬ್ಬರ ತೂಕ ಕೇಳಿ ಬರೆದುಕೊಳ್ಳಬೇಕು. ಅತ್ತೆಯವರ ತೂಕ ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ, ಆ ಕೆಲಸ ಹೆಂಡತಿಯದು.

ದುಡ್ಡಿನ ಮಾತನ್ನು ಎಂಜಿನ್ ಚಾಲೂ ಮಾಡುವ ಮೊದಲೇ ಮುಗಿಸಿ ಎನ್ನುತ್ತೇನೆ. ಈ ದ್ವೀಪಗಳಲ್ಲೇ ಅದಕ್ಕೊಂದು ಕಥೆ ಇದೆ. 1859ರಲ್ಲಿ ಇಲ್ಲಿ ಬ್ರಿಟಿಷರ ಹಡ್ಸನ್ಸ್ ಬೇ ಕಂಪನಿಯ ಹಂದಿಯೊಂದು ಅಮೆರಿಕದ ರೈತನ ಆಲೂಗಡ್ಡೆ ಪಾತಿಗೆ ನುಗ್ಗಿತು. ಆತ ಗುಂಡು ಹೊಡೆದ. ಆತ ಕೊಡಲು ಒಪ್ಪಿದ್ದು 10 ಡಾಲರ್, ಕಂಪನಿಯವರು ಕೇಳಿದ್ದು 100 ಎಂದು ಇಲ್ಲಿ ಎಲ್ಲರೂ ಹೇಳುತ್ತಾರೆ. ಗಡಿ ಯಾರದ್ದು ಎಂಬ ಹಳೆಯ ಜಗಳಕ್ಕೆ ಅದು ನೆಪವಾಗಿ ಬ್ರಿಟಿಷ್ ಮತ್ತು ಅಮೆರಿಕನ್ ಸೈನಿಕರು ಒಂದೇ ದ್ವೀಪದಲ್ಲಿ ವರ್ಷಗಟ್ಟಲೆ ಬಿಡಾರ ಹೂಡಿದರು. 1872ರಲ್ಲಿ ಜರ್ಮನಿಯ ಚಕ್ರವರ್ತಿ ಒಂದನೇ ವಿಲ್ಹೆಲ್ಮ್ ಪಂಚಾಯ್ತಿ ಮಾಡಿ ದ್ವೀಪಗಳನ್ನು ಅಮೆರಿಕಕ್ಕೆ ಕೊಟ್ಟ. ಆ ಬಿಡಾರಗಳು ಈಗ ರಾಷ್ಟ್ರೀಯ ಐತಿಹಾಸಿಕ ಉದ್ಯಾನ. ಮಕ್ಕಳನ್ನು ಕರೆದುಕೊಂಡು ಹೋದರೆ ಹಂದಿಯ ಕಥೆಯೊಂದೇ ಅವರಿಗೆ ನೆನಪಿರುತ್ತದೆ.

ವಿಮೆಯ ವಿಷಯ ಹೇಳದಿದ್ದರೆ ಹಣಕಾಸಿನ ಅಂಕಣ ಬರೆದು ಪ್ರಯೋಜನವಿಲ್ಲ. ನೀವು ಹಾರಾಡುತ್ತೀರಿ ಎಂದು ತಿಳಿದರೆ ಇಲ್ಲಿನ ಟರ್ಮ್ ಪಾಲಿಸಿಗಳು ಒಂದೋ ಅದನ್ನು ಹೊರಗಿಡುತ್ತವೆ, ಇಲ್ಲವೇ ವಿಮೆಯ ಸಾವಿರ ಡಾಲರಿಗೆ ಇಷ್ಟು ಎಂದು ಹೆಚ್ಚುವರಿ ಕಂತು ಹಾಕುತ್ತವೆ. ಸಾವಿರಕ್ಕೆ ಎರಡೂವರೆ ಡಾಲರ್ ಹಿಡಿದರೂ ಹತ್ತು ಲಕ್ಷ ಡಾಲರಿನ ವಿಮೆಗೆ ವರ್ಷಕ್ಕೆ 2,500 ಹೆಚ್ಚಾಯಿತು. ಊರಿನಲ್ಲಿ ಮಾಡಿಸಿದ ಎಲ್‌ಐಸಿ ಪಾಲಿಸಿಯ ಅಪಘಾತ ಸೌಲಭ್ಯವನ್ನೂ ಓದಿನೋಡಿ: ಟಿಕೆಟ್ ಕೊಂಡು ಪ್ರಯಾಣಿಕರಾಗಿ ಕೂತವರಿಗೆ ಸಿಗುವುದು ಪೈಲಟ್‌ಗೆ ಸಿಗುವುದಿಲ್ಲ. ಹಾಗೆಂದು ಅರ್ಜಿಯಲ್ಲಿ ಮುಚ್ಚಿಟ್ಟರೆ ಹೆಂಡತಿ ಮಕ್ಕಳು ಕ್ಲೇಮಿಗೆ ಹೋದಾಗ ಕಂಪನಿಯವರು ಹಳೆಯ ಕಾಗದ ತೆಗೆಯುತ್ತಾರೆ. ಅಪಾಯವೂ ಬರೀ ಕಾಗದದ ಮೇಲಿನದಲ್ಲ: ನೀರಿನ ಮೇಲೆ ಎಂಜಿನ್ ನಿಂತರೆ ಸೆಸ್ನಾ ಪ್ರತಿ ಸಾವಿರ ಅಡಿ ಎತ್ತರಕ್ಕೆ ಸುಮಾರು ಒಂದೂವರೆ ನಾಟಿಕಲ್ ಮೈಲು ತೇಲಿಕೊಂಡು ಹೋಗುತ್ತದೆ, ಅಷ್ಟೇ. ಕೆರಿಬಿಯನ್ ನೀರಿನ ಬಿಸುಪು ಪ್ಯೂಜೆಟ್ ಸೌಂಡಿಗಿಲ್ಲ; ಬೇಸಿಗೆಯಲ್ಲೂ ಕೈಕಾಲು ಬೇಗ ಮರಗಟ್ಟುತ್ತವೆ. ಎಲ್ಲರೂ ಲೈಫ್ ಜಾಕೆಟ್ ಸೀಟಿನಡಿ ಇಡದೆ ಮೈಮೇಲೇ ಹಾಕಿಕೊಳ್ಳಬೇಕು. ಅದರ ಬೆಲೆಯಲ್ಲಿ ನಾನು ಚೌಕಾಸಿ ಮಾಡಿಲ್ಲ.

ಇಷ್ಟೆಲ್ಲ ಬರೆದ ಮೇಲೂ ನನ್ನ ಪಟ್ಟಿಯ ಮೊದಲ ಸಾಲಿನಲ್ಲಿ ಇರುವುದು ಇದ್ಯಾವುದೂ ಅಲ್ಲ. ಅಲ್ಲಿರುವುದು 'ವಾಪಸ್ ಹಾರದಿದ್ದರೆ' ಎಂಬ ಬಾಬತ್ತು. 1999ರ ಜುಲೈನಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿಯವರ ಮಗ ಜಾನ್ ಎಫ್. ಕೆನಡಿ ಜೂನಿಯರ್ ಒಂದೇ ಎಂಜಿನ್ನಿನ ಸ್ವಂತ ವಿಮಾನದಲ್ಲಿ ಹೆಂಡತಿ ಮತ್ತು ಆಕೆಯ ಅಕ್ಕನೊಂದಿಗೆ ಮಾರ್ಥಾಸ್ ವಿನ್ಯಾರ್ಡ್ ದ್ವೀಪಕ್ಕೆ ಹೊರಟಿದ್ದರು. ಮರುದಿನ ಮನೆತನದಲ್ಲಿ ಮದುವೆ. ರಾತ್ರಿ, ಮಬ್ಬು, ಕೆಳಗೆ ಕಪ್ಪು ನೀರು. ದಿಕ್ಕು ತಪ್ಪಿ ಸಮುದ್ರಕ್ಕೆ ಬಿದ್ದರು. ಅವರ ಮನಸ್ಸಿನಲ್ಲಿ ಏನಿತ್ತೋ ನಾವು ಹೇಳಲಾಗದು. ಆದರೆ ಸಣ್ಣ ವಿಮಾನದವರೆಲ್ಲರಿಗೂ ಇರುವ ಒತ್ತಡ ನನಗೆ ಗೊತ್ತು: ಸೋಮವಾರ ಬೆಳಿಗ್ಗೆ ಮೀಟಿಂಗ್, ವಿಮಾನ ಇವತ್ತೇ ಮರಳಿಸಬೇಕು, ಹೋಟೆಲ್ಲಿಗೆ ಇನ್ನೊಂದು ರಾತ್ರಿಯ ದುಡ್ಡು. ಒಂದು ಭಾನುವಾರ ಓರ್ಕಸ್‌ನಲ್ಲಿ ಮಧ್ಯಾಹ್ನವಾದರೂ ಮೋಡ ಏಳಲಿಲ್ಲ. ರನ್‌ವೇಯ ಆ ಕೊನೆ ಒಮ್ಮೆ ಕಾಣುತ್ತಿತ್ತು, ಒಮ್ಮೆ ಇಲ್ಲ. ಜೊತೆಗಿದ್ದವರು ನಿಮಿಷಕ್ಕೊಮ್ಮೆ ಫೋನಿನಲ್ಲಿ ಹವಾಮಾನ ನೋಡುತ್ತ, "ಈಗ ಸ್ವಲ್ಪ ಬೆಳ್ಳಗಾಯ್ತಲ್ಲ?" ಅನ್ನುತ್ತಿದ್ದರು. ನಾನು ವಿಮಾನದ ಹಗ್ಗಗಳನ್ನು ಇನ್ನೊಮ್ಮೆ ಬಿಗಿದು ಎಲ್ಲರನ್ನೂ ಫೆರಿ ಕಟ್ಟೆಗೆ ಕರೆದುಕೊಂಡು ಹೋದೆ.

ಇಲ್ಲೊಂದು ಅನುಕೂಲ ಇದೆ. ಈ ಮಾರ್ಗದಲ್ಲಿ ಫೆರಿ ಟಿಕೆಟ್ಟು ವಸೂಲಿ ಮಾಡುವುದು ಅನಾಕೊರ್ಟಿಸ್‌ನಿಂದ ಹೋಗುವಾಗ ಮಾತ್ರ. ದ್ವೀಪದಿಂದ ವಾಪಸ್ ಬರುವವರನ್ನು ಯಾರೂ ಕೇಳುವುದಿಲ್ಲ. ವಿಮಾನದಲ್ಲಿ ಹೋಗಿ ಫೆರಿಯಲ್ಲಿ ಬಂದವರಿಗೆ ಸಮುದ್ರಯಾನ ಪುಕ್ಕಟೆ. ದಡದಿಂದ ಮನೆಗೆ ಬಾಡಿಗೆ ಕಾರು, ಆಮೇಲೆ ವಿಮಾನ ತರಲು ಇನ್ನೊಂದು ಪಯಣ, ಅರ್ಧ ದಿನದ ರಜೆ. ಖರ್ಚು ಬಂದೇ ಬಂತು. ಅದಕ್ಕೆಂದೇ ಪ್ರತಿ ಹಾರಾಟಕ್ಕೆ ಒಂದಿಷ್ಟು ಬೇರೆ ಖಾತೆಗೆ ಹಾಕುತ್ತೇನೆ. ಆ ಖಾತೆಯ ಪಾಸ್‌ವರ್ಡ್ ಹೆಂಡತಿಯ ಹತ್ತಿರ. ವರ್ಷದ ಕೊನೆಗೆ ಉಳಿದದ್ದು ಮುಂದಿನ ವರ್ಷಕ್ಕೆ ಜಮಾ. ಇಂಧನಕ್ಕೆಂದು ಅದರಿಂದ ಕೈಸಾಲ ತೆಗೆಯುವಂತಿಲ್ಲ. ಕಳೆದ ಬೇಸಿಗೆಯಲ್ಲಿ ಕೇಳಿನೋಡಿದೆ. "ರೀ, ಅದು ನೀವು ಹಾರೋದಕ್ಕಲ್ಲ" ಅಂದಳು.